ಕಡವಿನ ದೀಪ ನಾನು ಹಚ್ಚಿದ ದಿನ

ಸಾವಿರದ ಒಂಬೈನೂರ ಐವತ್ತೊಂಬತ್ತು, ದೀಪಾವಳಿ ಕಳೆದು ಮೂರನೇ ವಾರ. ಈಶ್ವರಮಂಗಲದ ನಮ್ಮ ಮನೆಯಂಗಳದಲ್ಲಿ ನನ್ನ ಮದುವೆ ಮುಗಿದು, ಊಟವಾಗಿ, ದಿಬ್ಬಣ ಹೊರಡುವಾಗ ಗಂಟೆ ಮೂರು ದಾಟಿತ್ತು. ಗಂಡನ ಮನೆ ಕಡಬದ ಕಡೆ, ಕುಮಾರಧಾರೆಯ ಆಚೆ. ಆಗ ಅಲ್ಲಿಗೆ ಸೇತುವೆ ಎಲ್ಲಿಂದ ಬರಬೇಕು? ಸವಣೂರು ದಾಟಿ ಹೊಳೆಯ ಮೇಲಿನ ಗುಡ್ಡದವರೆಗೆ ಬಾಡಿಗೆ ವ್ಯಾನು, ಅಲ್ಲಿಂದ ಕೆಳಗೆ ಇಳಿದರೆ ದೋಣಿ ಕಡವು.

ನನಗೆ ಹೊಳೆಯ ಹೆದರಿಕೆ ಇರಲಿಲ್ಲ, ಅತ್ತೆಯ ಹೆದರಿಕೆ ಇತ್ತು. ಮನೆ ತುಂಬಿಸಿಕೊಳ್ಳುವವರು ಮನೆಯಲ್ಲೇ ಇರಬೇಕೆಂದು ಅವರು ಮದುವೆಗೆ ಬಂದಿರಲಿಲ್ಲ. ಮುಖ ಕಂಡದ್ದೇ ಇಲ್ಲ. ಕೇಳಿದ್ದು ಮಾತ್ರ ಬೇಕಾದಷ್ಟು. ಭಾರೀ ಜೋರು, ಒಂದು ಮಾತು ಎರಡು ತುಂಡು ಅಂತೆ. ಏಳೂವರೆಯ ಒಳಗೆ ಸೊಸೆ ಹೊಸ್ತಿಲು ದಾಟಬೇಕು, ಆಮೇಲೆ ಗಳಿಗೆ ಸರಿ ಇಲ್ಲ ಎಂದು ಹೇಳಿ ಕಳಿಸಿದ್ದರು. ಹದಿನೆಂಟು ವರ್ಷದ ನನಗೆ ಅದೊಂದೇ ಚಿಂತೆ, ಮೊದಲ ದಿನವೇ ಕೆಟ್ಟ ಹೆಸರು ತೆಗೆದುಕೊಳ್ಳಬಾರದು.

ಮದುಮಕ್ಕಳು ಒಂದೇ ದೋಣಿಯಲ್ಲಿ ಹೊಳೆ ದಾಟಬಾರದು ಎಂಬುದು ಆ ಮನೆಯ ಕ್ರಮ. ಹಾಗಾಗಿ ಇವರು ಮತ್ತು ಗಂಡಸರು ಮೊದಲು ಆಚೆ ಹೋದರು. ಕಡೆಯ ದೋಣಿಗೆ ಉಳಿದದ್ದು ನಾನು, ಇವರ ಸೋದರತ್ತೆ ದೇವಕಿ, ಮತ್ತೆರಡು ಹೆಂಗಸರು. ಅವರೆಲ್ಲ ಕಡವಿನ ಚಾದಂಗಡಿಯಲ್ಲಿ ಕಾಲು ಚಾಚಿ ಕೂತರು. ಅಂಗಡಿಯ ಐತಪ್ಪಣ್ಣ ನನ್ನ ಪೆಟ್ಟಿಗೆ ಹೊತ್ತು ತರಲು ಗುಡ್ಡಕ್ಕೆ ಹೋಗಿದ್ದ.

ಕೂತು ಕೂತು ಸಾಕಾಗಿ ನಾನು ನೀರಿನ ಕಡೆ ನಾಲ್ಕು ಹೆಜ್ಜೆ ಹೋದೆ. ಅಲ್ಲಿ ಕೆಂಪು ಕಲ್ಲಿನ ಒಂದು ಕಟ್ಟೆ. ಆಳಿಗಿಂತ ಸ್ವಲ್ಪ ಎತ್ತರ, ಮೇಲೆ ಹಂಚಿನ ಮಾಡು, ಹೊಳೆಯ ಕಡೆಗೆ ಎರಡು ಮೆಟ್ಟಿಲು, ಗಾಜಿನ ಬಾಗಿಲಿನ ಒಂದು ಗೂಡು. ಒಳಗೆ ಹಣತೆಯಲ್ಲಿ ಎಣ್ಣೆ ತುಂಬಿ ಬತ್ತಿ ಹಾಕಿ ಇಟ್ಟಿದೆ, ಪಕ್ಕದಲ್ಲಿ ಬೆಂಕಿಪೆಟ್ಟಿಗೆಯೂ ಉಂಟು. ದೀಪ ಮಾತ್ರ ಹಚ್ಚಿಲ್ಲ! ಮುಸ್ಸಂಜೆಯಾಗಿದೆ, ಯಾವುದೋ ದೈವದ ಕಟ್ಟೆ, ಹಚ್ಚುವವರು ಮರೆತಿದ್ದಾರೆ ಎಂದುಕೊಂಡೆ. ಚಪ್ಪಲಿ ಕಳಚಿ, ಮೆಟ್ಟಿಲು ಹತ್ತಿ, ದೀಪ ಹಚ್ಚಿ, ಗಾಜು ಮುಚ್ಚಿ ಕೈಮುಗಿದೆ. ಅತ್ತೆಯ ಬಾಯಿಗೆ ಬೀಳದ ಹಾಗೆ ಕಾಪಾಡು ಸ್ವಾಮೀ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ಐತಪ್ಪಣ್ಣ ಪೆಟ್ಟಿಗೆ ಹೊತ್ತು ಇಳಿದು ಬಂದವನು ದೀಪ ನೋಡಿ ನಿಂತೇ ಬಿಟ್ಟ.

“ಎಂತ ಮಾರಾಯ್ರೆ ಇದು! ದೀಪ ಯಾರು ಹಚ್ಚಿದ್ದು?”

“ನಮ್ಮ ಮದುಮಗಳು. ದೈವಕ್ಕೆ ದೀಪ ಹಚ್ಚುದು ಎಂತ ತಪ್ಪಾ?” ಎಂದರು ದೇವಕಿ ಅತ್ತೆ.

“ದೈವ ಎಲ್ಲುಂಟು ಅಕ್ಕ ಇಲ್ಲಿ! ಇದು ದೋಣಿಯ ಇದಿನಬ್ಬನಿಗೆ ಹಚ್ಚುವ ದೀಪ!”

ಆಗ ಗೊತ್ತಾಯಿತು ಕಥೆ. ಹಿಂದೆ ಮರದ ವ್ಯಾಪಾರಿಯೊಬ್ಬರು ಮರ ತೇಲಿಸಿಕೊಂಡು ಬರುವವರಿಗೆ ಕೆಳಗಿನ ಬಂಡೆ ತಪ್ಪಿಸಲು ಗುರುತಾಗಲಿ ಎಂದು ಕಟ್ಟಿಸಿದ ಕಟ್ಟೆಯಂತೆ ಅದು. ಮರದ ಕೆಲಸ ನಿಂತ ಮೇಲೆ ಕಡವಿನವರು ಅದನ್ನು ಬೇರೆ ಉಪಯೋಗಕ್ಕೆ ತೆಗೆದುಕೊಂಡರು. ದೋಣಿಯ ಇದಿನಬ್ಬನ ಮನೆ ಆಚೆ ದಡದಲ್ಲಿ. ಈಚೆ ಕಡೆಯ ಜನ ಎಲ್ಲ ದಾಟಿ ಮುಗಿದರೆ ಐತಪ್ಪಣ್ಣ ದೀಪ ಹಚ್ಚುವುದು. ಇನ್ನು ಯಾರೂ ಇಲ್ಲ, ದೋಣಿ ಕಟ್ಟು ಎಂದು ಅರ್ಥ. ನಾವು ನಾಲ್ಕು ಜನ ಹೆಂಗಸರು ದಡದಲ್ಲೇ ಇರುವಾಗ ನಾನು ಯಾರೂ ಇಲ್ಲ ಎಂದು ಹೇಳಿ ಕಳಿಸಿದ್ದೆ!

ಕೂಗಿದರೆ ಕೇಳುವ ಹಾಗಿಲ್ಲ, ಬಂಡೆಗೆ ನೀರು ಬಡಿಯುವ ಗೌಜಿ. ಆಚೆ ದಡದ ಮರದಡಿಯ ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ. “ಆರಿಸಿಬಿಡ್ತೇನೆ” ಎಂದು ಐತಪ್ಪಣ್ಣ ಕೈ ಚಾಚಿದ. ದೇವಕಿ ಅತ್ತೆ ಹಾರಿಬಿದ್ದರು. “ಕೈ ತೆಗಿ ನೀನು! ಮದುಮಗಳು ಮುಸ್ಸಂಜೆಗೆ ಹಚ್ಚಿದ ದೀಪ ಆರಿಸುದಾ? ಅತ್ತಿಗೆಗೆ ಗೊತ್ತಾದರೆ ನನ್ನನ್ನು ಇದೇ ಹೊಳೆಗೆ ಹಾಕ್ತಾರೆ!”

ಐತಪ್ಪಣ್ಣನಿಗೂ ಧೈರ್ಯ ಬರಲಿಲ್ಲ. ದೀಪ ಉರಿದರೆ ದೋಣಿ ಇಲ್ಲ, ಆರಿಸಿದರೆ ಅಪಶಕುನ. ನನಗೆ ಅಳು ಬಂತು. ಇದ್ದಕ್ಕಿದ್ದಂತೆ ಚಾದಂಗಡಿಯಲ್ಲಿ ಇಟ್ಟು ಬಂದಿದ್ದ ಹರಿವಾಣ ನೆನಪಾಯಿತು, ತವರಿನಿಂದ ಅರಸಿನ ಕುಂಕುಮ ಇಟ್ಟುಕೊಂಡು ಬಂದದ್ದು. ಅದರಲ್ಲಿದ್ದದ್ದನ್ನೆಲ್ಲ ದೇವಕಿ ಅತ್ತೆಯ ಮಡಿಲಿಗೆ ಸುರಿದೆ. ಪುನಃ ಮೆಟ್ಟಿಲು ಹತ್ತಿ ಗೂಡಿನ ಗಾಜಿಗೆ ಹರಿವಾಣ ಅಡ್ಡ ಹಿಡಿದೆ. ತೆಗೆದೆ. ಪುನಃ ಹಿಡಿದೆ. ದೀಪ ಆರುವುದೂ ಇಲ್ಲ, ಆಚೆಯವರಿಗೆ ಆರಿ ಹೊತ್ತಿದ ಹಾಗೆ ಕಾಣ್ತದೆ. ಕೈ ಸೋಲುವವರೆಗೆ ಹಾಗೇ ಮಾಡಿದೆ.

ಆಚೆ ಏನಾಯಿತು ಎಂದು ಇವರು ಆಮೇಲೆ ಹೇಳಿ ಹೇಳಿ ನನ್ನನ್ನು ಗೋಳುಹೊಯ್ದುಕೊಂಡದ್ದುಂಟು. ದೀಪ ಕಂಡದ್ದೇ ಇದಿನಬ್ಬ ದೋಣಿ ಕಟ್ಟಿದನಂತೆ. “ನನ್ನ ಹೆಂಡತಿ ಆಚೆ ಇದ್ದಾಳೆ ಮಾರಾಯ!” ಎಂದರೆ, “ಇಲ್ಲ ಧಣಿ. ಜನ ಇರುವಾಗ ಐತಪ್ಪ ದೀಪ ಹಚ್ಚಿದ್ದು ನಾನು ಕಂಡಿಲ್ಲ. ಮದುಮಗಳು ವ್ಯಾನಿನಲ್ಲೇ ಹಿಂದೆ ಹೋಗಿರಬೇಕು” ಎಂದನಂತೆ. ಇವರ ದೊಡ್ಡಪ್ಪ ಆಗಲೇ ತಲೆಗೆ ಕೈ ಹೊತ್ತು, ಊರಿನವರಿಗೆ ಏನು ಹೇಳುವುದು ಎಂದು ಶುರು ಮಾಡಿದ್ದರಂತೆ. ಅಷ್ಟರಲ್ಲಿ ದೀಪ ಕಣ್ಣು ಮಿಟುಕಿಸಲು ತೊಡಗಿತು. ಇವರು ಒಂದೇ ನೆಗೆತಕ್ಕೆ ದೋಣಿಯಲ್ಲಿ!

ದೋಣಿ ಹತ್ತಿರ ಬಂದಾಗ ಕಚ್ಚೆ ಒದ್ದೆ ಮಾಡಿಕೊಂಡು ಮುಂದೆ ನಿಂತಿದ್ದವರು ಇವರೇ.

“ಇದ್ದೀಯಾ?” ಎಂದು ಕೇಳಿದರು.

“ಇದ್ದೇನೆ” ಎಂದೆ.

ನಾವಿಬ್ಬರೂ ಆಡಿದ ಮೊದಲ ಮಾತು ಅದೇ. ಮದುಮಕ್ಕಳು ಒಂದೇ ದೋಣಿಯಲ್ಲಿ ಹೋಗಬಾರದೆಂಬ ಕ್ರಮ ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಇದಿನಬ್ಬ ಹುಟ್ಟು ಹಾಕುತ್ತಾ ನಗುತ್ತಿದ್ದ.

ಆ ಕಟ್ಟೆ ಈಗಲೂ ಉಂಟು, ನೋಡಬೇಕಾದವರು ಹೋಗಬಹುದು. ಪುತ್ತೂರಿನಿಂದ ಸವಣೂರಿಗೆ ಬಸ್ಸಿಗೇನೂ ಕಡಿಮೆಯಿಲ್ಲ. ಅಲ್ಲಿ ರಿಕ್ಷಾದವರ ಹತ್ತಿರ ‘ಹಳೇ ಕಡವು’ ಎನ್ನಿ. ದೀಪದ ಕಟ್ಟೆ ಎಂದರೆ ಈಗಿನವರಿಗೆ ತಿಳಿಯುವುದಿಲ್ಲ. ರಸ್ತೆ ಮುಗಿದ ಮೇಲೆ ಹತ್ತು ನಿಮಿಷದ ಇಳಿಜಾರು. ಗಾಜು ಹೋಗಿದೆ, ಮಾಡಿನ ಹಂಚು ಅರ್ಧ ಉಳಿದಿದೆ. ಮಳೆಗಾಲದಲ್ಲಿ ಮಾತ್ರ ಬೇಡ, ನೀರು ಮೆಟ್ಟಿಲವರೆಗೆ ಬರ್ತದೆ.

ನಾವು ಮನೆ ಮುಟ್ಟುವಾಗ ಎಂಟಾಗಿತ್ತು. ಗಳಿಗೆ ತಪ್ಪಿತ್ತು. ಅಂಗಳದ ತುಂಬ ನೆರೆಕರೆಯವರು. ಬಾಗಿಲಲ್ಲಿ ಆರತಿ ಹಿಡಿದು ಅತ್ತೆ ನಿಂತಿದ್ದರು, ಎತ್ತರದ ಆಳು. ದೇವಕಿ ಅತ್ತೆ ಒಂದೂ ಬಿಡದೆ ಎಲ್ಲ ವರದಿ ಒಪ್ಪಿಸಿದರು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ದೋಣಿಯ ದೀಪಕ್ಕೆ ಕೈಮುಗಿದ ಸೊಸೆ ಎಂದು ಯಾರೋ ಹಿಂದಿನಿಂದ ಹೇಳಿದ್ದೂ ಕೇಳಿಸಿತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಂಗಳದ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಎಂತ ನಗುದು? ನಾನು ಮದುಮಗಳಾಗಿ ಬಂದ ದಿನ ಆ ಕಟ್ಟೆಗೆ ಮೂರು ಸುತ್ತು ಬಂದು ಅಡ್ಡಬಿದ್ದಿದ್ದೇನೆ. ಮಕ್ಕಳಾಗಲಿ ಎಂದು ಹರಕೆಯೂ ಹೇಳಿದ್ದೇನೆ. ಮೂವತ್ತು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಇವಳಾದರೂ ದೀಪ ಹಚ್ಚಿ ಬಂದಿದ್ದಾಳೆ.”

ಮೊದಲು ನಕ್ಕದ್ದು ಮಾವ. ಆಮೇಲೆ ಅಂಗಳವೇ ನಕ್ಕಿತು. ಅತ್ತೆಯ ಕೈಯ ಆರತಿ ನಗೆಗೆ ಅಲುಗಾಡುತ್ತಿತ್ತು. “ಬಾ ಮಗಾ, ಬಲಗಾಲು” ಎಂದರು.

ಮೂವತ್ತು ವರ್ಷ ಮುಚ್ಚಿಟ್ಟ ಗುಟ್ಟನ್ನು, ಮುಖ ಕಂಡು ಎರಡು ನಿಮಿಷವೂ ಆಗದ ಹುಡುಗಿಯ ಮಾನಕ್ಕಾಗಿ ಅವರು ಊರಿನವರೆದುರು ಬಿಚ್ಚಿಟ್ಟರು. ಅದನ್ನು ನೆನೆದರೆ ನನಗೆ ಇವತ್ತಿಗೂ ನಗು ಬರ್ತದೆ, ಹಿಂದೆಯೇ ಕಣ್ಣೂ ತುಂಬ್ತದೆ.