ನೂರ ತೊಂಬತ್ತಮೂರರ ಪುಟ

ನನ್ನ ಅಕ್ಷರ ದುಂಡಗಿಲ್ಲ, ಮಾತುಗಳೂ ಅಷ್ಟಕ್ಕಷ್ಟೇ. ಹತ್ತನೇ ಗ್ರೇಡಿಗೇ ಶಾಲೆ ಬಿಟ್ಟವಳು ನಾನು. ಓದುವವರು ಕ್ಷಮಿಸಬೇಕು. ಲೆಕ್ಕವನ್ನು ಮಾತ್ರ ಎರಡೆರಡು ಸಲ ನೋಡಿದ್ದೇನೆ.

ಮಾರಿಸ್‌ಟೌನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ತಿಪ್ಪಣ್ಣ ಅಂಕಲ್ ಅವರದು. ಗದಗಿನವರು. ಕಂಪ್ಯೂಟರುಗಳಲ್ಲಿ ಎರಡೇ ಅಂಕಿಯಲ್ಲಿ ಬರೆದಿರುವ ಇಸವಿಗಳನ್ನು ನಾಲ್ಕು ಅಂಕಿ ಮಾಡುವುದು ಅವರ ಕೆಲಸ. ಅವರ ಹೆಮ್ಮೆ ಮಾತ್ರ ಮನೆಯ ಫೋನ್ ನಂಬರು. ೨೦೧ರಿಂದ ಶುರುವಾಗುವ ಹತ್ತಂಕಿಯ ಆ ಸಂಖ್ಯೆ ಅವಿಭಾಜ್ಯ, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು ಅವರು ಚಿಕ್ಕ ಅವಿಭಾಜ್ಯಗಳಿಂದ ಒಂದೊಂದಾಗಿ ಕೈಯಲ್ಲೇ ಭಾಗಿಸಿ ಸಾಬೀತು ಮಾಡಿದ್ದರು. ದಿನಕ್ಕೆ ಮೂರು ಭಾಗಾಕಾರ, ನಾಲ್ಕು ವರ್ಷಕ್ಕೂ ಮಿಕ್ಕಿ, ಹನ್ನೊಂದು ನೋಟ್‌ಬುಕ್. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಫೋನ್ ಮಾಡಿಯಾರು.

"ಕಂಪ್ಯೂಟರಿಗೇ ಕೊಡಬಹುದಿತ್ತಲ್ಲ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ಎರಡ್ ಸಾವಿರನೇ ಇಸ್ವಿ ಬಂದ್ರ ಹತ್ತೊಂಬತ್ತುನೂರು ಬಂತು ಅಂತ ತಿಳ್ಕೊಳ್ಳೋ ಮಷೀನ್ ಅದು. ಅದನ್ನ ನಂಬ್ಲೇನು?"

ಅವರ ಹೆಂಡತಿ ಕಮಲವ್ವ ಆಂಟಿಗೆ ಐಸೆಲಿನ್‌ನಲ್ಲಿ ಮನೆ ಮಾಡುವ ಆಸೆ. ಆಂಟಿಗೆ ಡ್ರೈವ್ ಮಾಡಲು ಬರುವುದಿಲ್ಲ; ಅಲ್ಲಾದರೆ ನಮ್ಮವರ ಅಂಗಡಿಗಳಿಗೆ ನಡೆದೇ ಹೋಗಬಹುದು. ಆದರೆ ಅಲ್ಲಿಗೆ ಹೋದರೆ ಫೋನ್ ನಂಬರು ಬದಲಾಗುತ್ತದೆ.

"ಆ ನಂಬರಿನ ಕೂಡನ ಸಂಸಾರ ಮಾಡ್ರಿ. ಅದ ನಿಮಗ ರೊಟ್ಟಿ ಬಡದು ಹಾಕ್ಲಿ," ಎನ್ನುತ್ತಿದ್ದರು ಆಂಟಿ.

"ಇದು ಅವಿಭಾಜ್ಯ ಅಲ್ಲ ಅಂತ ಯಾರರ ತೋರಿಸ್ಲಿ, ಅವತ್ತ ಮನಿ ಖಾಲಿ ಮಾಡೂಣು," ಎನ್ನುತ್ತಿದ್ದರು ಅಂಕಲ್.

ಈ ವರ್ಷ, ೧೯೯೭ರ ಜೂನ್‌ನಲ್ಲಿ, ಫೋನಿನವರು ನಮ್ಮ ಕಡೆಯ ನಂಬರುಗಳ ಮೊದಲಿನ ೨೦೧ನ್ನು ೯೭೩ ಮಾಡಿದರು. ಅಂಕಲ್ ಎರಡು ಹೊತ್ತು ಊಟ ಬಿಟ್ಟು, ಮೂರನೆಯ ಹೊತ್ತಿಗೆ ಹೊಸ ನೋಟ್‌ಬುಕ್ ತೆಗೆದರು. ಸಂಖ್ಯೆ ದೊಡ್ಡದಾದ್ದರಿಂದ ಈ ಸಲ ಒಂಬತ್ತು ಸಾವಿರಕ್ಕೂ ಹೆಚ್ಚು ಭಾಗಾಕಾರ.

"ಅಂದ್ರ ಎಂಟೂವರಿ ವರ್ಷ!" ಎಂದರು ಆಂಟಿ. ಮರುದಿನವೇ, ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಸಹಾಯಕ್ಕೆ ಕರೆದರು.

ನಲವತ್ತನಾಲ್ಕನೆಯ ಭಾಗಾಕಾರ ನನ್ನ ಪಾಲಿಗೆ ಬಂತು. ನಲವತ್ತನಾಲ್ಕನೆಯ ಅವಿಭಾಜ್ಯ ೧೯೩; ಅದರಿಂದ ಭಾಗಿಸಿದೆ. ಶೇಷ ಸೊನ್ನೆ. ಮೂರು ಸಲ ಮಾಡಿ, ಹಾಳೆಯನ್ನು ಅಂಕಲ್ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ತಾವೂ ಒಮ್ಮೆ ಭಾಗಿಸಿ ನೋಡಿದರು.

"ಹಳೇದು ಎಂಥಾ ನಂಬರಿತ್ತವಾ! ಕೊಂದ್ರು, ಫೋನಿನವರು ಕೊಂದ್ರು."

"ಅವರ ಹೊಟ್ಟಿ ತಣ್ಣಗಿರ್ಲಿ," ಎಂದು ಆಂಟಿ ಪಾತ್ರೆ ಕಟ್ಟಲು ಎದ್ದರು.

ಆಮೇಲೆ ನನಗೊಂದು ಅನುಮಾನ ಬಂತು. ೯೭೩ರಲ್ಲಿ ೨೦೧ ಕಳೆದರೆ ೭೭೨. ಅದು ೧೯೩ರ ಸರಿಯಾಗಿ ನಾಲ್ಕು ಪಟ್ಟು. ಉಳಿದ ಏಳು ಅಂಕಿಗಳು ಹಾಗೇ ಇರುವುದರಿಂದ ಎರಡು ನಂಬರುಗಳ ವ್ಯತ್ಯಾಸ ೭೭೨ರ ಮುಂದೆ ಏಳು ಸೊನ್ನೆ; ಅದನ್ನೂ ೧೯೩ ಭಾಗಿಸುತ್ತದೆ. ಹಾಗಾದರೆ ಹೊಸ ನಂಬರನ್ನು ಭಾಗಿಸುವ ೧೯೩ ಹಳೆಯದನ್ನೂ ಭಾಗಿಸಲೇಬೇಕು. ಹೆದರುತ್ತಲೇ ಹಳೆಯ ನೋಟ್‌ಬುಕ್ ಬಿಡಿಸಿದೆ. ೧೯೩ರ ಪುಟದಲ್ಲಿ ಸರಿ ಗುರುತಿತ್ತು, ಭಾಗಾಕಾರವಿರಲಿಲ್ಲ. ಅದರ ಜಾಗದಲ್ಲಿ ಅಂಕಲ್ ಅವರ ಮುತ್ತಿನಂಥ ಅಕ್ಷರ: "ಐಸೆಲಿನ್: ಜೋಳದ ಹಿಟ್ಟು, ಮೆಂತ್ಯದ ಸೊಪ್ಪು, ಗುರೆಳ್ಳು." ಆ ಸಂಜೆ ಭಾಗಿಸುವ ಹೊತ್ತಿಗೇ ಆಂಟಿ ಅಂಕಲ್ ಅವರನ್ನು ಅಂಗಡಿಗೆ ಹೊರಡಿಸಿರಬೇಕು.

ಅಂಕಲ್ ಈಗಲೂ ಬಂದವರಿಗೆಲ್ಲ ಹಳೆಯ ನಂಬರಿನ ಗುಣ ಹೇಳುತ್ತಾರೆ. ನಾನು ಬಾಯಿ ಬಿಟ್ಟಿಲ್ಲ. ಶನಿವಾರ ಅವರು ಮನೆ ಖಾಲಿ ಮಾಡಿ ಐಸೆಲಿನ್‌ಗೆ ಹೋಗುತ್ತಾರೆ. ನೋಟ್‌ಬುಕ್‌ಗಳ ಪೆಟ್ಟಿಗೆಯನ್ನು ನಾನು ಕಟ್ಟುತ್ತೇನೆ. ಹಳೆಯ ನಂಬರಿನ ಭಾಗಾಕಾರವನ್ನು ಕೈಲಾದಷ್ಟು ದುಂಡಗೆ ಬರೆದು ಆ ಪುಟದಲ್ಲಿ ಇಡುತ್ತೇನೆ.