ಬಿಡಿ ಅಂದದ್ದಕ್ಕೆ

ಅದ್ರಾಮ ಕುಮಾರಧಾರೆಯ ಕಡವಿನಲ್ಲಿ ದೋಣಿ ನಡೆಸಲು ತೊಡಗಿ ಮೂವತ್ತೆಂಟು ವರ್ಷ. ಮೊದಲು ಬಿದಿರ ಜಲ್ಲೆ ಊರಿ ನಡೆಸುವ ದೋಣಿ, ಈಗ ಎಂಜಿನ್ ಕೂರಿಸಿದ ಫೈಬರ್ ದೋಣಿ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಅತಿ ಹೆಚ್ಚು ಸಲ ಬಂದ ಮಾತು ಒಂದೇ: "ಬಿಡಿ." ಜನ ಕೂತಾದ ಮೇಲೆ ಹಾಗೆಂದರೆ ದಡದಲ್ಲಿದ್ದವರು ಹಗ್ಗ ಬಿಚ್ಚಿ ಒಳಗೆ ಎಸೆಯಬೇಕು. ಕಡವಿಗೆ ಬರುವ ಮಕ್ಕಳಿಗೂ ಅದು ಗೊತ್ತಿತ್ತು.

ಆಮೇಲೆ ಸೇತುವೆ ಬಂತು, ಜನ ಬೈಕು ಹಿಡಿದರು. ಅಳಿಯ ಮುಸ್ತಫಾ, "ನನ್ನ ಚಪ್ಪಲಿ ಅಂಗಡಿಯಲ್ಲಿ ಬಂದು ಕೂತ್ಕೊಳ್ಳಿ ಮಾಮ, ಫ್ಯಾನ್ ಉಂಟು" ಎಂದು ಕರೆಯುತ್ತಲೇ ಇದ್ದ. "ದೋಣಿ ಇರುವವರೆಗೆ ಆ ಮಾತು ಬೇಡ" ಎನ್ನುತ್ತಿದ್ದ ಅದ್ರಾಮ. ದಿನಕ್ಕೆ ಏಳೆಂಟು ಜನ ಸಿಕ್ಕರೂ ಅವನು ದೋಣಿಯವನೇ. ಚಪ್ಪಲಿ ಅಂಗಡಿಯಲ್ಲಿ ಕೂತರೆ ಯಾರು?

ಹೋದ ವರ್ಷ ಪಂಚಾಯತಿನವರು ಕಡವಿನಲ್ಲಿ ಎರಡು ಸಿಮೆಂಟು ಗೋಡೆ ಎಬ್ಬಿಸಿ, ನಡುವೆ ದೋಣಿ ನಿಲ್ಲಿಸಲು ಜಾಗ ಮಾಡಿಕೊಟ್ಟರು. ಊರವರು ಅದಕ್ಕೆ ಗ್ಯಾರೇಜು ಎಂದು ಹೆಸರಿಟ್ಟು ನಕ್ಕರು. ಅದ್ರಾಮನಿಗೆ ಅದು ತಲೆನೋವಾಯಿತು. ಮರಕ್ಕೆ ಕಟ್ಟುವಾಗ ಎರಡು ಮಾರು ಹಗ್ಗ ಸಡಿಲ ಬಿಡುವುದು ಅವನ ಕ್ರಮ. ನೀರು ಏರಲಿ ಇಳಿಯಲಿ, ದೋಣಿ ಜೊತೆಗೆ ಹೋಗುತ್ತದೆ. ಇಲ್ಲಿ ಸಡಿಲ ಬಿಟ್ಟರೆ ಗೋಡೆಗೆ ಉಜ್ಜುತ್ತದೆ. ಹಾಗಾಗಿ ನಾಲ್ಕು ಮೂಲೆಗೂ ಹೊಸ ನೈಲಾನ್ ಹಗ್ಗ ಬಿಗಿದು ಕಟ್ಟತೊಡಗಿದ. ಬೇಸಿಗೆಯಲ್ಲಿ ಕೆಳಗಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ನೀರು ನಿಲ್ಲಿಸಿರುತ್ತಾರೆ, ಮಟ್ಟ ಅಲುಗುವುದಿಲ್ಲ. ಹಲಗೆ ತೆಗೆಯುವ ಮೊದಲು ಹೇಳಿಯೇ ಹೇಳುತ್ತಾರೆ ಎಂಬ ಧೈರ್ಯ ಬೇರೆ.

ಮೇ ತಿಂಗಳ ಆ ಭಾನುವಾರ ಯಾರೂ ಹೇಳಲಿಲ್ಲ.

ಅಂದು ಆಚೆ ದಡದ ನೆಂಟರಲ್ಲಿ ಊಟ. ದೋಣಿಯಲ್ಲಾದರೆ ಐದು ನಿಮಿಷ. "ಹೊಸ ಕಾರಿರುವಾಗ ದೋಣಿ ಎಂತಕ್ಕೆ?" ಎಂದು ಮುಸ್ತಫಾ ಸೇತುವೆಯ ಮೇಲಿಂದ ಹದಿನೆಂಟು ಕಿಲೋಮೀಟರ್ ಸುತ್ತಿಸಿ ಕರೆದೊಯ್ದ. ಬಿರಿಯಾನಿ ಉಂಡು, ದೋಣಿಯನ್ನೊಮ್ಮೆ ನೋಡುವ ಎಂದು ಹೊಳೆಬದಿಗೆ ಬಂದ ಅದ್ರಾಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಹಲಗೆ ತೆಗೆದಿದ್ದರು. ನೀರು ಇಳಿಯುತ್ತಲೇ ಇತ್ತು. ಎದುರು ದಡದ ಕಡವಿನಲ್ಲಿ ಅವನ ದೋಣಿ ನಾಲ್ಕು ಹಗ್ಗದಲ್ಲಿ ತೊಟ್ಟಿಲಿನಂತೆ ನೇತಾಡುತ್ತಿತ್ತು; ಅದಕ್ಕೂ ನೀರಿಗೂ ನಡುವೆ ಗೇಣಗಲ ಬೆಳಕು.

ದಾಟಿ ಹೋಗೋಣವೆಂದರೆ ಇರುವ ದೋಣಿ ಅದೊಂದೇ.

ಅಷ್ಟರಲ್ಲಿ ಆ ದಡಕ್ಕೆ ಕಡವಿನ ಪಕ್ಕದ ತೋಟದ ಕುಕ್ಕಪ್ಪ ತನ್ನ ಪಂಪು ನೋಡಲು ಬಂದ. ದೇವರೇ ಕಳಿಸಿದ ಎಂದುಕೊಂಡು ಅದ್ರಾಮ ಅವನಿಗೆ ಫೋನ್ ಮಾಡಿದರೆ, ಎತ್ತಿದ್ದು ಹೆಂಡತಿ ಸೇವಂತಿ. "ಅವ್ರು ಫೋನ್ ಮನೆಯಲ್ಲೇ ಬಿಟ್ಟು ಹೊಳೆಗೆ ಹೋಗಿದ್ದಾರಲ್ಲ!"

ಕೂಗುವುದೊಂದೇ ದಾರಿ. ಇವನ ಬೊಬ್ಬೆ ಕೇಳಿ ಕುಕ್ಕಪ್ಪ ದೋಣಿಯ ಹತ್ತಿರ ಬಂದು ಕತ್ತಿ ಎತ್ತಿ ತೋರಿಸಿದ. "ಹಗ್ಗ ಕಡಿಯುದಾ ಅದ್ರಾಮಾಕ?"

"ಬಿಡಿ! ಬಿಡಿ!" ಅದ್ರಾಮ ಗಂಟಲು ಹರಿಯುವಂತೆ ಕೂಗಿದ.

ಕುಕ್ಕಪ್ಪ ತಲೆಯಾಡಿಸಿ, ಕತ್ತಿ ಸೊಂಟಕ್ಕೆ ಸಿಕ್ಕಿಸಿ, ಕೈ ಕಟ್ಟಿ ನಿಂತ.

"ಬಿಡಿ ಮಾರಾಯ್ರೇ, ಬೇಗ ಬಿಡಿ!"

"ಆಯ್ತು, ಆಯ್ತು! ಮುಟ್ಟುದಿಲ್ಲ!"

ಅದ್ರಾಮನಿಗೆ ಆಗ ಹೊಳೆಯಿತು. "ಕಡಿಯಿರಿ!" ಎಂದು ಕೂಗುತ್ತ ಗಾಳಿಯಲ್ಲಿ ಕೈ ಬೀಸಿದ, ಕುಣಿದ, ಅತ್ತ. ಅಷ್ಟರಲ್ಲೇ ಹಗ್ಗ ಕಟ್ಟಿದ್ದ ಹಿಂದಿನ ಒಂದು ಕೊಂಡಿ ದೋಣಿಯ ಮೈಯನ್ನೇ ಕಿತ್ತುಕೊಂಡು ಬಂತು. ದೋಣಿ ವಾಲಿ, ಎಂಜಿನ್ ನೀರಿಗೆ ಮುಳುಗಿ, ಮೈ ಗೋಡೆಗೆ ಬಡಿದು ಸೀಳಿದ ಸದ್ದು ಹೊಳೆ ದಾಟಿ ಬಂದು ಅವನಿಗೆ ಕೇಳಿತು.

ಮುಕ್ಕಾಲು ಗಂಟೆ ಸುತ್ತಿ ಕಾರು ಕಡವಿಗೆ ಬಂದಾಗ ಕುಕ್ಕಪ್ಪ ಇನ್ನೂ ಅಲ್ಲೇ ಇದ್ದ, ಮುಖ ಸಣ್ಣದು ಮಾಡಿಕೊಂಡು. "ನೀವೇ ಬಿಡಿ ಅಂದದ್ದಲ್ವಾ ಅದ್ರಾಮಾಕ? ಹೊಸ ಹಗ್ಗ, ಕಡಿಯುದು ಬೇಡ ಅಂತ ಗ್ರೇಶಿದೆ."

ಸೇತುವೆ ಆದ ಮೇಲೆ, ಆರು ವರ್ಷದಿಂದ, ಕುಕ್ಕಪ್ಪ ದೋಣಿ ಹತ್ತಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಹಿಂದೆ ನಿಂತ ಮುಸ್ತಫಾ ಅಂಗಡಿಯ ಮಾತೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

"ಹೋಗ್ಲಿ, ಬಿಡಿ" ಎಂದ ಅದ್ರಾಮ.

ಈ ಸಲ ಕುಕ್ಕಪ್ಪನಿಗೆ ಸರಿಯಾಗಿಯೇ ಅರ್ಥವಾಯಿತು.