ಕೋಟೆಗೆ ಹೋದ ಒಗೆಯುವ ಕಲ್ಲು

ನಮ್ಮ ಹಿತ್ತಲಿನಲ್ಲಿ ಇದ್ದ ಬಟ್ಟೆ ಒಗೆಯುವ ಕಲ್ಲು ಕಿತ್ತೂರು ಕೋಟೆಯದು. ಇದನ್ನು ನಾವ್ಯಾರೂ ದೊಡ್ಡ ಸುದ್ದಿ ಅಂತ ಹೇಳಿಕೊಂಡು ತಿರುಗಿದವರಲ್ಲ. ಬಿದ್ದ ಗೋಡೆಯ ಕಲ್ಲನ್ನು ಬೇಕಾದವರು ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದ ಕಾಲದಲ್ಲಿ ಮಾವನವರ ಅಜ್ಜ ತಂದು ಹಾಕಿದ್ದಂತೆ. ಓಣಿಯಲ್ಲಿ ಕೆಲವರ ಮನೆಗೆ ಅಂಥದೇ ಕಲ್ಲು ಹೊಸ್ತಿಲಾಗಿತ್ತು, ಕೆಲವರಲ್ಲಿ ದನದ ಗೋದಲಿಗೆ ಆಸರೆಯಾಗಿತ್ತು. ನಮ್ಮಲ್ಲಿ ಒಗೆಯುವ ಕಲ್ಲಾಯಿತು. ಅದರ ಒಂದು ಅಂಚಿಗೆ ಅರ್ಧ ಹೂವು ಕೆತ್ತಿದ್ದರು; ಉಳಿದರ್ಧ ಯಾರ ಮನೆಯ ಪಾಯದಲ್ಲಿ ಹೂತು ಹೋಗಿತ್ತೋ ಏನೋ. ಆ ಹೂವಿನ ತಗ್ಗಿನಲ್ಲಿ ನಮ್ಮತ್ತೆ ಸಬಕಾರ ಇಡುತ್ತಿದ್ದರು. ಎಷ್ಟು ನೀರು ಬಿದ್ದರೂ ಅದು ಅಲ್ಲಿಂದ ಜಾರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಹಳ್ಳಿಗೆ ನಳ ಬಂತು. ಹಿತ್ತಲಿನಲ್ಲಿ ಪಕ್ಕಾ ಬಚ್ಚಲಮನೆ ಕಟ್ಟಿಸುವುದು ಅಂತ ಮನೆಯಲ್ಲಿ ಠರಾಯಿಸಿದೆವು. ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ನನಗೆ. ಮಳೆಗಾಲದಲ್ಲಿ ತಟ್ಟಿಯ ಮರೆಯಲ್ಲಿ ಜಳಕ ಮಾಡಿ ಸಾಕಾಗಿತ್ತು. ಗೌಂಡಿ ಬಂದು ದಾರ ಹಿಡಿದು ಅಳತೆ ಹಾಕಿದ. ದಾರ ಸೀದಾ ಕಲ್ಲಿನ ಮೇಲೆಯೇ ಹೋಯಿತು. ಸಣ್ಣ ಹಿತ್ತಲು, ಅಷ್ಟು ದೊಡ್ಡ ಕಲ್ಲನ್ನು ಸರಿಸಿ ಇಡಲು ಬೇರೆ ಜಾಗವಿರಲಿಲ್ಲ.

"ಇದು ಅಡ್ಡ ಬರತೈತ್ರಿ," ಅಂದ. "ಒಡದು ಪಾಯಕ್ಕ ಹಾಕಿಬಿಡೂಣು."

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. "ಮೊದಲ ನನ್ನ ತಲಿ ಒಡಿಯಪ್ಪಾ, ಆಮ್ಯಾಲ ಕಲ್ಲು ಒಡಿಯಂತಿ."

"ಯವ್ವಾ, ನಿನ್ನ ತಲಿ ಈ ಕಲ್ಲಿಗಿಂತ ಗಟ್ಟಿ ಐತಿ, ನನ್ನ ಸುತ್ತಿಗಿ ಮುರೀತೈತಿ," ಅಂದು ಗೌಂಡಿ ನಕ್ಕ. ಅತ್ತೆ ನಗಲಿಲ್ಲ.

ನಮ್ಮ ಯಜಮಾನರು ನಡುವಿನ ದಾರಿ ಹುಡುಕಿದರು. ಕೋಟೆಯಲ್ಲಿ ಚೆಲ್ಲಾಪಿಲ್ಲಿ ಬಿದ್ದ ಕಲ್ಲುಗಳನ್ನು ಒಂದು ಕಡೆ ಕೂಡಿಸುತ್ತಿದ್ದಾರೆ ಅಂತ ಅವರು ಕೇಳಿದ್ದರು. ಹೂವು ಕೆತ್ತಿದ ಕಲ್ಲು ಒಡೆಯುವುದು ಬೇಡ, ಬಂದಲ್ಲಿಗೇ ತಿರುಗಿ ಕೊಟ್ಟುಬಿಡೋಣ ಅಂದರು.

ಆ ಸಂಜೆ ಒಲೆಯ ಮುಂದೆ ಅತ್ತೆ ನನಗೊಬ್ಬಳಿಗೇ ಹೇಳಿದರು. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸುವವರ ಹಾಗೆ. "ನನಗ ಬಗ್ಗಾಕ ಬರೂದಿಲ್ಲಂತ ಹೋದ ವರ್ಷ ಅರಿವಿ ಒಗಿಯೂದು ನೀ ತಗೊಂಡಿ. ಛಲೋನ ಆತು. ಆದರೂ ಮುಂಜಾನೆದ್ದು ಆ ಕಲ್ಲಿನ ಮ್ಯಾಲ ಕುಂದರತಿದ್ದೆ. ಈ ಮನಿಗೆ ಬಂದಾಗಿಂದ ಅಳೂದಾಗಲಿ, ತಲಿ ಒಣಗಿಸೂದಾಗಲಿ, ಎಲ್ಲಾ ಅಲ್ಲೇ. ಅದೂ ಹೋತಂದ್ರ ಹಿತ್ತಲದಾಗ ನಂದು ಅಂತ ಏನ ಉಳೀತವ್ವಾ?"

ನನಗೆ ಬಚ್ಚಲಮನೆ ಬೇಡ ಅನ್ನಲು ಬಾಯಿ ಬರಲಿಲ್ಲ; ಕಲ್ಲು ಹೋಗಲಿ ಅನ್ನಲೂ ಬರಲಿಲ್ಲ. ಕಡೆಗೆ ಅವರೇ ದಾರಿ ತೆಗೆದರು. "ಕೊಡೂದಾದ್ರ ಕೊಡ್ರಿ. ನಾನೂ ಬರತೇನಿ. ಇಡೂ ಜಾಗಾ ನನ್ನ ಮನಸಿಗೆ ಬರಲಿಲ್ಲಂದ್ರ ಕಲ್ಲಿನ ಕೂಡ ತಿರುಗಿ ಬರತೇನಿ."

ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹಾಕಿ ಬಂದ ನಮ್ಮ ಭಾವನ ಟ್ರಾಲಿ ಐತವಾರ ಖಾಲಿ ಇತ್ತು. ಹಾರೆ ಹಾಕಿ ಕಲ್ಲು ಎಬ್ಬಿಸಿ ಅದರಲ್ಲಿ ಮಲಗಿಸಿದರು. ಅತ್ತೆ ಕೆಳಗೆ ಗೋಣಿಚೀಲ ಹಾಸಿಸಿದರು, ಕಲ್ಲಿಗೆ. ತಾವು ಟ್ರಾಲಿಯಲ್ಲಿ ಉಳಿದಿದ್ದ ಕಬ್ಬಿನ ಒಣ ಗರಿ, ಬರೀ ರವದಿಯ ಮೇಲೆ ಕುಳಿತರು; ಪಕ್ಕದಲ್ಲಿ ನಾನು.

ಕೋಟೆಯ ಬಾಗಿಲ ಮುಂದೆ ಐತವಾರಕ್ಕೊಮ್ಮೆ ಒಂದು ಬಜಾರ ಕೂಡುತ್ತಿತ್ತು. ಊರಿನ ವಾರದ ಸಂತೆ ಬೇರೆ. ಇದು ಕೋಟೆ ನೋಡಲು ಬರುವ ಮಂದಿಯನ್ನು ನೆಚ್ಚಿ ಬೇವಿನ ಗಿಡದ ನೆರಳಿಗೆ ತಾನಾಗಿಯೇ ಹುಟ್ಟಿಕೊಂಡದ್ದು. ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಕೂಡಿಸಿ ಹೊಲಿದ ಚೀಲ, ತೋರಣ ಹರವುತ್ತಿದ್ದರು. ಕಂಬಳಿಯವರು ಕಂಬಳಿಯ ಮೇಲೆಯೇ ಕುಳಿತು ಕಂಬಳಿ ಮಾರುತ್ತಿದ್ದರು. ಖಣದ ತುಂಡು, ಈಚಲ ಚಾಪೆ, ಬಿದಿರಿನ ಬುಟ್ಟಿ, ನಡುವೆ ಮಿರ್ಚಿ ಭಜಿಯ ಬಾಣಲೆ. ಕೋಟೆಯ ಕಾವಲುಗಾರ ಊಟಕ್ಕೆ ಹೋಗಿದ್ದ. ಭಾವನಿಗೆ ಟ್ರಾಲಿ ಬೇಗ ಬೇಕಾಗಿತ್ತು. ಹೀಗಾಗಿ ಕಲ್ಲನ್ನು ಒಬ್ಬ ಲಂಬಾಣಿ ಹೆಂಗಸಿನ ಅಂಗಡಿಯ ಪಕ್ಕಕ್ಕೇ ಇಳಿಸಬೇಕಾಯಿತು. ಇಳಿಸಿದ್ದೇ ತಡ, ಅತ್ತೆ ಅದರ ಮೇಲೆ ಕುಳಿತುಬಿಟ್ಟರು.

ಸ್ವಲ್ಪ ಹೊತ್ತಿಗೆ ತಂಪು ಕನ್ನಡಕ ಹಾಕಿದವರೊಬ್ಬರು ಬಂದು ಹೂವಿನ ಮೇಲೆ ಕೈಯಾಡಿಸಿ, "ಇದೆಷ್ಟು?" ಅಂದರು.

ಅತ್ತೆ ಬಾಯಿ ತೆರೆಯುವ ಮೊದಲೇ ಲಂಬಾಣಿ ಹೆಂಗಸು ಅಂದಳು, "ಕಲ್ಲಿನ ರೇಟ ಹೇಳಬೋದ್ರಿ. ಮ್ಯಾಲಿನ ಮುದುಕಿ ಕೂಡೇ ಬರತಾಳ, ಆಕಿಗೆ ಮುಂಜಾನಿ ಚಾ, ಮಧ್ಯಾಹ್ನ ರೊಟ್ಟಿ ನೀವ ಹಾಕಬೇಕು."

"ರೊಟ್ಟಿ ನಾನ ಬಡೀತೇನಿ, ಇವರ ಹಿಟ್ಟು ಹೆಂಗೈತೋ ಏನೋ," ಅಂದರು ಅತ್ತೆ. ಕಂಬಳಿಯವರೆಲ್ಲ ನಕ್ಕರು. ಕನ್ನಡಕದವರೂ ನಕ್ಕು ಒಂದು ತೋರಣ ಕೊಂಡು ಹೋದರು. ಮನೆ ಬಿಟ್ಟ ಮೇಲೆ ಅತ್ತೆಯ ಮುಖ ಸಡಿಲಾದದ್ದು ಆಗಲೇ.

ಕಾವಲುಗಾರ ಬಂದ. ಕೊರಳಲ್ಲಿ ಸೀಟಿ, ಬಾಯಲ್ಲಿ ಎಲೆಯಡಿಕೆ. "ಹಿಂದಿನ ಗ್ವಾಡಿ ಕಡೆ ಕಲ್ಲಿನ ಗುಂಪಿ ಐತಿ, ಅದರಾಗ ಹಾಕಿಹೋಗ್ರಿ," ಅಂದ.

"ಗುಂಪಿಯಾಗ ಇದು ಯಾವುದು ಅಂತ ನನಗ ಹೆಂಗ ಗೊತ್ತಾಗತೈತಿ?" ಅತ್ತೆ ಏಳಲಿಲ್ಲ.

"ಗೊತ್ತಾಗಿ ಏನ ಮಾಡ್ತಿಯವ್ವಾ? ನಾಳೆ ಊರಮಂದೆಲ್ಲಾ ಒಳ್ಳು, ಬೀಸುಕಲ್ಲು ಹೊತ್ಕೊಂಡು ಬಂದು ಜಾಗಾ ತೋರ್ಸು ಅಂದ್ರ ನಾ ಎಲ್ಲಿ ಹೋಗ್ಲಿ?"

"ಮತ್ತ ನಾ ಎಲ್ಲಿ ಹೋಗ್ಲಿ?" ಅಂದರು ಅತ್ತೆ. ಆ ಮಾತಿಗೆ ಬಜಾರದಲ್ಲಿ ಯಾರೂ ನಗಲಿಲ್ಲ. ಕಾವಲುಗಾರ ಎಲೆಯಡಿಕೆ ಉಗುಳಿ ಬಂದು, ಸಣ್ಣ ದನಿಯಲ್ಲಿ, "ಬಾ, ಒಳಗ ನೋಡೂಣು," ಅಂದ.

ಇಷ್ಟು ಹತ್ತಿರ ಇದ್ದೂ ಅತ್ತೆ ಕೋಟೆಯ ಒಳಗೆ ಕಾಲಿಟ್ಟವರಲ್ಲ. ಬಿದ್ದ ಗೋಡೆಯಲ್ಲಿ ಏನು ನೋಡುವುದು ಅನ್ನುತ್ತಿದ್ದರು. ಅವತ್ತು ನನ್ನ ಭುಜ ಹಿಡಿದು, ಮಗಳನ್ನು ಕೊಡುವ ಮೊದಲು ಬೀಗರ ಮನೆ ನೋಡುವ ಹಾಗೆ ಒಂದೊಂದೇ ಕೋಣೆ ನೋಡಿದರು. ಮೇಲೆ ಮಾಳಿಗೆ ಇಲ್ಲ, ಮೊಣಕಾಲೆತ್ತರ, ಎದೆಯೆತ್ತರದ ಗೋಡೆಗಳು ಅಷ್ಟೇ. "ಇದು ಅಡಗಿಮನಿ ಇರಬೇಕು. ಗಾಳಿ ಛಲೋ ಬರತೈತಿ," ಅಂದರು. ಜಳಕದ ಕೋಣೆ ಅಂತ ಕಾವಲುಗಾರ ತೋರಿಸಿದ ಕಡೆ ಬಹಳ ಹೊತ್ತು ನಿಂತರು. ನೆಲದ ಕಲ್ಲಿನಲ್ಲಿ ನೀರು ಹರಿಯಲು ಕೊರೆದ ಗಟಾರ, ನೋಡಿದರೆ ಇಳಿಜಾರು ಕಣ್ಣಿಗೆ ಕಾಣದಷ್ಟು ನಯ. ಅತ್ತೆ ನನ್ನ ಕೈಯಲ್ಲಿದ್ದ ಬಾಟಲಿ ಇಸಿದುಕೊಂಡು ಮೂಲೆಯಲ್ಲಿ ನೀರು ಸುರಿದರು. ನೀರು ಎಲ್ಲಿಯೂ ನಿಲ್ಲದೆ ಓಡಿತು.

"ನೋಡು," ಅಂದರು ನನಗೆ, "ಎಷ್ಟ ವರ್ಷಾದ್ರೂ ನೀರು ದಾರಿ ಮರತಿಲ್ಲ." ಆಮೇಲೆ ಗಟಾರದ ಬದಿಯ ಖಾಲಿ ಜಾಗಕ್ಕೆ ಬೆರಳು ಮಾಡಿ ಕಾವಲುಗಾರನಿಗೆ, "ಇಲ್ಲಿ ಇಡಪಾ. ಜನ್ಮಾ ಪೂರ್ತಿ ನೀರಾಗ ಇದ್ದದ್ದು, ನೀರಿನ ಕಡೇನ ಇರಲಿ."

ಕಾವಲುಗಾರ ತಲೆ ಕೆರೆದುಕೊಂಡ. "ಮ್ಯಾಲಿನವರು ಸರಸು ಅಂದ್ರ ಸರಸತೇನಿ, ಈಗ ಹೇಳತೇನಿ."

"ಹೇಳಿದ್ರ ನನಗ ತಿಳಸು. ನಾ ಬಂದು ಅವರ ಕೂಡ ಮಾತಾಡತೇನಿ."

ಕಂಬಳಿಯವರು ನಾಲ್ಕು ಮಂದಿ ಹಗ್ಗ, ಬೊಂಬು ಕಟ್ಟಿ ಕಲ್ಲು ಹೊತ್ತರು. ಲಂಬಾಣಿ ಹೆಂಗಸು ಹೆಗಲಿಗೆ ಇಟ್ಟುಕೊಳ್ಳಲಿ ಅಂತ ದಪ್ಪ ಅರಿವೆ ಮಡಿಸಿ ಕೊಟ್ಟಳು. ಹೂವು ಇದ್ದ ಅಂಚನ್ನು ಬಾಗಿಲ ಕಡೆ ತಿರುಗಿಸಿ ಇಡಿಸಿದ ಮೇಲೆಯೇ ಅತ್ತೆ ಹೊರಗೆ ಬಂದದ್ದು.

ಮರುದಿನ ಗೌಂಡಿಗೆ ಗ್ರಹಚಾರ ಕಾದಿತ್ತು. ಅತ್ತೆ ಕುರ್ಚಿ ಹಾಕಿಸಿಕೊಂಡು ಹಿತ್ತಲಿನಲ್ಲೇ ಕುಳಿತರು. ಅವನು ಮಾಡಿದ ಇಳಿಜಾರಿಗೆ ತಂಬಿಗೆ ನೀರು ಸುರಿದು, ನಿಂತ ಕಡೆಯೆಲ್ಲ ಕಿತ್ತು ಮತ್ತೆ ಮಾಡಿಸಿದರು. "ಏನವ್ವಾ, ಅರಮನಿ ಕಟ್ಟಸಾಕತ್ತೀಯೇನು?" ಅಂದ ಅವನು. "ಹೌದು, ನೋಡಿ ಬಂದೇನಿ," ಅಂದರು. ಈಗಲೂ ನಮ್ಮ ಬಚ್ಚಲಲ್ಲಿ ಹನಿ ನೀರು ನಿಲ್ಲುವುದಿಲ್ಲ. ನಳದ ಬದಿಗೆ ಬೆನ್ನು ಆನಿಸಿ ಕೂರುವಂಥ ಒಂದು ಗಿಡ್ಡ ಕಟ್ಟೆಯನ್ನೂ ಅವರೇ ಹೇಳಿ ಕಟ್ಟಿಸಿದರು. ಅದರ ತುದಿಗೆ ಸಬಕಾರ ಇಡಲು ಒಂದು ತಗ್ಗು.

ಆಮೇಲೆ ಎಷ್ಟೋ ಐತವಾರ ಅತ್ತೆ, "ಕಲ್ಲು ನೋಡಿ ಬರೂಣೇನು?" ಅನ್ನುತ್ತಿದ್ದರು. ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದೆವು. ಅರ್ಧ ಬುತ್ತಿ ಲಂಬಾಣಿ ಹೆಂಗಸಿನ ಜೋಡಿ ಬೇವಿನ ಗಿಡದ ಕೆಳಗೆ ಮುಗಿಯುತ್ತಿತ್ತು. ಉಳಿದದ್ದಕ್ಕೆ ಒಳಗೆ ಹೋಗಿ, ಪಾರಿವಾಳದ ಹಿಕ್ಕೆ ಒರೆಸಿ, ಕಲ್ಲಿನ ಮೇಲೆ ಕುಳಿತುಕೊಳ್ಳುವುದು.

ಹಾಗೆ ಕುಳಿತಿದ್ದಾಗ ಒಮ್ಮೆ, ಹೊಸದಾಗಿ ಮದುವೆಯಾದವರಿರಬೇಕು, ಒಂದು ಜೋಡಿ ಬಂತು. ಹುಡುಗಿ ಹೂವು ನೋಡಿ, "ಅಜ್ಜಿ, ಇದನ್ನ ಏನಕ್ಕ ಬಳಸತಿದ್ರು?" ಅಂತ ಕೇಳಿದಳು.

"ಅರಸರ ಮನಿ ಧೋತರ ಒಗೀತಿದ್ರೋ ಏನೋ, ನನಗ ಗೊತ್ತಿಲ್ಲ ತಂಗಿ," ಅಂದರು ಅತ್ತೆ, ಹುಡುಗಿಗೆ ಕೂರಲು ಸರಿದು ಜಾಗ ಮಾಡುತ್ತ. "ಆಮ್ಯಾಲ ಮಾತ್ರ ನಾ ಒಗದೇನಿ."